ಮುಳುಗಲೊಲ್ಲದ ನೀರು

ನಾಲ್ಕು ಹನಿ ಶಾಯಿ ಬೆರೆಸಿದ ನೀರನ್ನು ಫ್ರಿಜ್‌ನಲ್ಲಿಟ್ಟು ಮಂಜುಗಡ್ಡೆ ಮಾಡಿ. ಎರಡು ಗಾಜಿನ ಲೋಟಗಳಿಗೆ ನೀರು ತುಂಬಿ, ಒಂದರಲ್ಲಿ ಮಾತ್ರ ಎರಡು ಚಮಚ ಉಪ್ಪು ಕರಗಿಸಿ. ಎರಡರಲ್ಲೂ ಒಂದೊಂದು ಗಡ್ಡೆ ತೇಲಿಬಿಟ್ಟು, ಕದಲಿಸದೆ ನೋಡುತ್ತಿರಿ. ಸಿಹಿನೀರಿನಲ್ಲಿ ಬಣ್ಣ ಎಳೆಎಳೆಯಾಗಿ ತಳಕ್ಕಿಳಿಯುತ್ತದೆ. ಉಪ್ಪುನೀರಿನಲ್ಲಿ ಮೇಲೆಯೇ ಪದರಾಗಿ ನಿಂತುಬಿಡುತ್ತದೆ. (ನನ್ನ ತರಗತಿಯಲ್ಲಿ ಹೆಚ್ಚಿನವರು ಊಹಿಸುವುದು ಇದಕ್ಕೆ ತದ್ವಿರುದ್ಧ!)

ಎರಡನೆಯ ಲೋಟದಲ್ಲಿ ಆದದ್ದೇ ಅಟ್ಲಾಂಟಿಕ್ ಸಾಗರದಲ್ಲಿಯೂ ಆದೀತೆಂಬುದು ವಿಜ್ಞಾನಿಗಳ ಆತಂಕ. ಅಲ್ಲಿ ಉಷ್ಣವಲಯದ ಬೆಚ್ಚನೆಯ ನೀರು ಮೇಲ್ಭಾಗದಲ್ಲಿ ಉತ್ತರಕ್ಕೆ ಹರಿದು, ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಹೀಗೆ ತಣಿದ ಉಪ್ಪುನೀರು ಭಾರವಾಗಿ ಆಳಕ್ಕೆ ಮುಳುಗಿ ದಕ್ಷಿಣಕ್ಕೆ ಮರಳುತ್ತದೆ. ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್! ಜಗತ್ತಿನ ನದಿಗಳೆಲ್ಲ ಸೇರಿ ಕಡಲಿಗೆ ಸುರಿಯುವ ನೀರಿನ ಹತ್ತು ಪಟ್ಟಿಗೂ ಹೆಚ್ಚು.

ಭೂಮಿ ಬಿಸಿಯಾದಂತೆ ಗ್ರೀನ್‌ಲ್ಯಾಂಡಿನ ಹಿಮ ಕರಗಿ ಈ ಕಡಲಿಗೆ ಸಿಹಿನೀರು ಸೇರುತ್ತಿದೆ. ಉಪ್ಪು ಕಡಿಮೆಯಾದ ನೀರು ಸುಲಭಕ್ಕೆ ಮುಳುಗದು. ಅದು ಮುಳುಗದಿದ್ದರೆ ಹಿಂದಿನಿಂದ ಬರುವ ಬಿಸಿನೀರಿಗೆ ಜಾಗವೆಲ್ಲಿ?

ಈ ಶತಮಾನದಲ್ಲಿ ಪ್ರವಾಹ ದುರ್ಬಲವಾಗುವ ಸಂಭವ ತುಂಬಾ ಹೆಚ್ಚೆಂದು 2021ರ ಐಪಿಸಿಸಿ ವರದಿ ಹೇಳಿತು. 2100ರೊಳಗೆ ಹಠಾತ್ತನೆ ಕುಸಿಯಲಾರದು ಎಂದೂ ಹೇಳಿತು, ಆದರೆ ಪೂರ್ಣ ಭರವಸೆಯಿಂದಲ್ಲ. 2004ರಿಂದ ಮಾತ್ರ ಸತತವಾಗಿ ಅಳೆಯುತ್ತಿರುವ ಪ್ರವಾಹವಿದು.

ಒಂದು ವೇಳೆ ಕುಸಿದರೆ? ಯುರೋಪಿನಲ್ಲಿ ಚಳಿ ಹೆಚ್ಚೀತು. ಅಷ್ಟಕ್ಕೇ ಮುಗಿಯದು. ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿದು, ಆಫ್ರಿಕದ ಮಳೆಯೊಂದಿಗೆ ಜೂನ್‌ನಲ್ಲಿ ನಾವು ಕಾಯುವ ಮುಂಗಾರೂ ಸೊರಗಬಹುದು.