‘ಸೀನರಿ’: ಅರ್ಥ ಮತ್ತು ಬಳಕೆ

ಇಂಗ್ಲಿಷಿನ ‘ಸೀನರಿ’ ಪದಕ್ಕೆ ರಂಗದ ಚಿತ್ರಿತ ಪರದೆ, ಕಣ್ಣೆದುರಿನ ನಿಸರ್ಗದೃಶ್ಯ ಎಂಬ ಎರಡು ಅರ್ಥಗಳಿವೆ. ಇವುಗಳಲ್ಲಿ ರಂಗಭೂಮಿಯ ಅರ್ಥವೇ ಮೊದಲಿನದೆಂಬುದನ್ನು ನಾವು ಗಮನಿಸಬೇಕು. ಗುಡಾರವೆಂಬ ಅರ್ಥದ ಗ್ರೀಕ್ ‘ಸ್ಕೀನೆ’ ನಟರ ಹಿಂದಿನ ಕಟ್ಟಡಕ್ಕೆ ಹೆಸರಾಯಿತು. ಲ್ಯಾಟಿನ್, ಇಟಾಲಿಯನ್ ಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದ ಪದವು 18ನೆಯ ಶತಮಾನದಲ್ಲಿ ಪರದೆಯಿಂದ ಬೆಟ್ಟ-ಕಣಿವೆಗಳಿಗೂ ವಿಸ್ತರಿಸಿತು. ಎಂದರೆ, ಇಲ್ಲಿ ನಿಸರ್ಗವು ಪ್ರೇಕ್ಷಕನೆದುರಿನ ರಂಗಸಜ್ಜಿಕೆಯಂತೆ ಕಲ್ಪಿತವಾಗಿದೆ.

ನಮ್ಮ ಪರಂಪರೆ ಬೇರೆ. ನಾಟ್ಯಶಾಸ್ತ್ರದ ಕಕ್ಷ್ಯಾವಿಭಾಗದಲ್ಲಿ ನಟನ ಪರಿಕ್ರಮಣವೇ ಸ್ಥಳವನ್ನು ಸೂಚಿಸುತ್ತದೆ. ಯಕ್ಷಗಾನದ ಸಾಂಪ್ರದಾಯಿಕ ರಂಗಸ್ಥಳಕ್ಕೂ ಚಿತ್ರಿತ ಪರದೆ ಬೇಕಿಲ್ಲ. ಮುಂಬಯಿಯ ಪಾರಸಿ ನಾಟಕ ಮಂಡಳಿಗಳ ಪ್ರಭಾವದಿಂದ ಕನ್ನಡ ವೃತ್ತಿರಂಗಭೂಮಿಗೆ ಅರಮನೆ, ಕಾಡು, ಬೀದಿಗಳ ಪರದೆಗಳು ಬಂದವು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಮುಂದೆ ರಂಗವೈಭವಕ್ಕೇ ಹೆಸರಾಯಿತು. ‘ಸೀನು’, ‘ಸೀನರಿ’ಗಳು ಕನ್ನಡದ ಮಾತುಗಳಾದವು.

ಇಂಗ್ಲಿಷಿನಲ್ಲಿ ಸಮೂಹವಾಚಿಯಾದ, ಸಾಮಾನ್ಯವಾಗಿ ಬಹುವಚನವಿಲ್ಲದ ಈ ಪದ ಕನ್ನಡದಲ್ಲಿ ‘ಸೀನರಿಗಳು’ ಎಂದಾಗಿ, ಗೋಡೆಗೆ ತೂಗುಹಾಕುವ ನಿಸರ್ಗಚಿತ್ರವನ್ನೂ ಸೂಚಿಸುತ್ತದೆ. ಆದುದರಿಂದ ಅನುವಾದಕರು ಎಲ್ಲೆಡೆ ‘ದೃಶ್ಯ’ವೆಂದರೆ ಸಾಲದು, ನಾಟಕದಲ್ಲಿ ದೃಶ್ಯವೆಂದರೆ ಅಂಕದ ಒಂದು ಭಾಗ. ಹಳೆಯ ರಂಗದಾಖಲೆಗಳನ್ನು ಓದುವ ಸಂಶೋಧಕರಿಗಂತೂ ಈ ವಿವೇಚನೆ ಅಗತ್ಯ. ಸಂದರ್ಭಾನುಸಾರ ‘ರಂಗಸಜ್ಜಿಕೆ’, ‘ನಿಸರ್ಗದೃಶ್ಯ’, ‘ನಿಸರ್ಗಚಿತ್ರ’ ಎಂದು ವಿಂಗಡಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.