ವಾಣಿಜ್ಯ ಬೋಧನೆಯಲ್ಲಿ ಪ್ರಸಂಗ ಪದ್ಧತಿ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಲಕ್ಷಣವಾಕ್ಯಗಳನ್ನು ಕಂಠಪಾಠ ಮಾಡಿ ತೇರ್ಗಡೆಯಾಗುವರೇ ಹೊರತು ವಿಷಯದಲ್ಲಿ ಆಸ್ಥೆ ತಾಳುವುದಿಲ್ಲವೆಂಬ ದೂರು ಅಧ್ಯಾಪಕರಲ್ಲಿ ಸಾಮಾನ್ಯವಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕಾಲೇಜುಗಳ ಮಟ್ಟಿಗಾದರೂ ಈ ದೂರನ್ನು ಮರುಪರಿಶೀಲಿಸುವುದು ಅವಶ್ಯ. ಇಲ್ಲಿಯ ವಿದ್ಯಾರ್ಥಿಗಳಲ್ಲಿ ಅನೇಕರು ಒಕ್ಕಲಿಗರ, ನೇಕಾರರ, ಸಣ್ಣ ವ್ಯಾಪಾರಿಗಳ ಮನೆಗಳಿಂದ ಬಂದವರು. ಧಾರಣೆ, ಅಡತಿ, ಬಡ್ಡಿ, ತೂಕದ ಕಸರು ಇವು ಅವರಿಗೆ ಹೊಸ ಮಾತುಗಳಲ್ಲ. ಈ ತಿಳಿವಳಿಕೆಗೆ ತರಗತಿಯಲ್ಲಿ ಸ್ಥಾನ ದೊರೆಯದಿರುವುದೇ ಅನಾಸ್ಥೆಯ ಮುಖ್ಯ ಕಾರಣವೆಂದು ತೋರುತ್ತದೆ.

ಇದಕ್ಕೆ ಪರಿಹಾರವಾಗಿ ಪ್ರಸಂಗ ಪದ್ಧತಿಯನ್ನು ವಿಚಾರಿಸಬಹುದು. 1908ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ವಾಣಿಜ್ಯ ಶಾಲೆಯು ಇದನ್ನು ಬೆಳೆಸಿತು. 1920ರಲ್ಲಿ ಅಲ್ಲಿಯ ಪ್ರಾಧ್ಯಾಪಕ ಕೋಪ್‌ಲ್ಯಾಂಡರು ಇಂಥ ಪ್ರಸಂಗಗಳ ಗ್ರಂಥವೊಂದನ್ನು ಪ್ರಕಟಿಸಿದರು. 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯು ಆ ಶಾಲೆಯ ಸಹಯೋಗದಿಂದ ಇದೇ ಮಾರ್ಗವನ್ನು ಅನುಸರಿಸಿತು. ಅಧ್ಯಾಪಕನು ತತ್ತ್ವವನ್ನು ಮೊದಲೇ ಹೇಳದೆ, ನಿರ್ಣಯ ಕೈಕೊಳ್ಳಬೇಕಾದ ಒಂದು ಸನ್ನಿವೇಶವನ್ನು ವಿದ್ಯಾರ್ಥಿಗಳ ಮುಂದಿಡುವುದೇ ಇದರ ತಿರುಳು.

ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲಕ್ಕೆ ಒಪ್ಪುವ ಒಂದು ಕಲ್ಪಿತ ಪ್ರಸಂಗವನ್ನು ನೋಡೋಣ. ರೈತನೊಬ್ಬನಲ್ಲಿ 10 ಕ್ವಿಂಟಲ್ ಹತ್ತಿಯಿದೆ. ಇಂದಿನ ಧಾರಣೆ ಕ್ವಿಂಟಲಿಗೆ 7,000 ರೂಪಾಯಿ. ಎರಡು ತಿಂಗಳಲ್ಲಿ ಅದು 7,400 ಆಗಬಹುದೆಂಬ ನಿರೀಕ್ಷೆಯಿದೆ. ಅಡತಿ ಅಂಗಡಿಯಲ್ಲಿ ಅವನಿಗೆ 50,000 ರೂಪಾಯಿ ಸಾಲವಿದ್ದು, ಬಡ್ಡಿ ತಿಂಗಳಿಗೆ ನೂರಕ್ಕೆ 2. ಅವನು ಈಗಲೇ ಮಾರಿ ಸಾಲ ತೀರಿಸಬೇಕೋ, ಕಾಯಬೇಕೋ? ಧಾರಣೆಯನ್ನಷ್ಟೇ ನೋಡಿದವನು ಕಾದರೆ 4,000 ರೂಪಾಯಿ ಲಾಭವೆನ್ನುವನು. ಎರಡು ತಿಂಗಳ ಬಡ್ಡಿಯೇ 2,000 ರೂಪಾಯಿಯೆಂದು ಮತ್ತೊಬ್ಬನು ನೆನಪಿಸುವನು. ಹತ್ತಿ ಒಣಗಿ ತೂಕದಲ್ಲಿ ನೂರಕ್ಕೆ 2ರಷ್ಟು ಕಡಿಮೆಯಾದರೆ ಇನ್ನೂ 1,480 ರೂಪಾಯಿ ಹೋಗುವುದೆಂಬುದನ್ನು ಒಕ್ಕಲು ಮನೆಯ ವಿದ್ಯಾರ್ಥಿನಿಯೇ ಮೊದಲು ಕಂಡಾಳು. ಉಳಿಯುವುದು 520 ರೂಪಾಯಿ. ಅಷ್ಟಕ್ಕಾಗಿ ಧಾರಣೆ ಇಳಿಯುವ ಅಪಾಯವನ್ನು ಹೊರಬೇಕೇ ಎಂಬಲ್ಲಿಗೆ ಚರ್ಚೆ ತಲುಪಿದಾಗ ದಾಸ್ತಾನು, ಕಾಲ ತುಷ್ಟಿಗುಣ, ನಷ್ಟಭಯ ಎಂಬ ಪಾರಿಭಾಷಿಕ ಪದಗಳಿಗೆ ಅರ್ಥವು ತಾನಾಗಿಯೇ ಒದಗುವುದು.

ಉಳಿದ ಊರುಗಳಲ್ಲಿಯೂ ಇಂಥ ಸಾಮಗ್ರಿಗೆ ಕೊರತೆಯಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಅಂಗಡಿ ಹಾಕುವವನು ಭಂಡಾರ, ಬಳೆ, ಬಾಳೆಹಣ್ಣುಗಳನ್ನು ಎಷ್ಟೆಷ್ಟು ತರಿಸಬೇಕು? ಉಳಿದ ಭಂಡಾರ ಮುಂದಿನ ಹುಣ್ಣಿಮೆಗೂ ಬಂದೀತು, ಬಾಳೆಹಣ್ಣು ಬಾರದು. ರಾಮದುರ್ಗದ ನೇಕಾರನು ಮಾಲೀಕನಿಂದ ನೂಲು ಪಡೆದು ಮಜೂರಿಗೆ ನೇಯುವುದು ಮೇಲೋ, ಸ್ವಂತ ಬಂಡವಾಳ ತೊಡಗಿಸುವುದು ಮೇಲೋ? ಬೆಳಗಾವಿ-ಧಾರವಾಡಗಳ ನಡುವಣ ಹೆದ್ದಾರಿಯಲ್ಲಿರುವ ಕಿತ್ತೂರಿನ ಅಂಗಡಿಕಾರನು ದೊಡ್ಡ ಊರುಗಳತ್ತ ಹೋಗುವ ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳಬೇಕು?

ಈ ಪದ್ಧತಿಗೆ ಹೆಚ್ಚಿನ ವೆಚ್ಚ ಬೇಕಾಗದು. ಒಂದು ಪುಟದ ಪ್ರಸಂಗವನ್ನು ಹಿಂದಿನ ದಿನ ಹಂಚಿ, ಐದೈದು ಜನರ ಗುಂಪುಗಳಿಂದ ಸಕಾರಣವಾದ ಲಿಖಿತ ನಿರ್ಣಯವನ್ನು ಪಡೆಯಬೇಕು. ಚರ್ಚೆ ಮುಗಿಯುವವರೆಗೆ ಅಧ್ಯಾಪಕನು ಸ್ವಂತ ಅಭಿಪ್ರಾಯವನ್ನು ತಡೆಹಿಡಿಯಬೇಕು. ನಿಜವಾದ ವ್ಯಕ್ತಿಗಳ ಹೆಸರನ್ನು ಬಳಸಕೂಡದು. ಸಾಲದ ಮಾತು ವಿದ್ಯಾರ್ಥಿಯ ಮನೆಯನ್ನೇ ಮುಟ್ಟಬಹುದು. ಇದಕ್ಕೆ ಸಮಯ ಹೆಚ್ಚು ಹಿಡಿಯುವುದರಿಂದ ಪಠ್ಯಕ್ರಮವನ್ನೆಲ್ಲ ಹೀಗೆ ಬೋಧಿಸಲಾಗದು. ಘಟಕಕ್ಕೊಂದು ಪ್ರಸಂಗವಾದರೂ ಸಾಕು. ಪದವಿ ಪಡೆದು ಮನೆಯ ಲೆಕ್ಕವನ್ನು ವಹಿಸಿಕೊಳ್ಳುವ ಯುವಕ ಯುವತಿಯರಿಗೆ ಇಂಥ ನಿರ್ಣಯಗಳು ತಪ್ಪಿದ್ದಲ್ಲ. ಅವುಗಳ ಮೊದಲ ಅಭ್ಯಾಸವು ತರಗತಿಯಲ್ಲಿಯೇ ಆಗುವುದು ಯುಕ್ತ.