ಸರಪಳಿ ವ್ಯಾಪಾರದ ಗಣಿತ

ನನ್ನ ವಿದ್ಯಾರ್ಥಿಯೊಬ್ಬನು ಕಾಲೇಜು ಶುಲ್ಕದ ಹಣವನ್ನು ಸರಪಳಿ ವ್ಯಾಪಾರವೊಂದಕ್ಕೆ ಕಟ್ಟಿದನು. ಪ್ರತಿಯೊಬ್ಬ ಸದಸ್ಯನೂ ಆರು ಮಂದಿಯನ್ನು ಸೇರಿಸಬೇಕು. ಅವರು ಕಟ್ಟುವ ಹಣದಲ್ಲಿ ಮೇಲಿನವರಿಗೆ ಪಾಲು ದೊರೆಯುವುದು. ಗೆಳೆಯರಾರೂ ಸೇರದೆ ಹಣವು ಮುಳುಗಿದಾಗ, ತನ್ನ ಮಾತುಗಾರಿಕೆ ಸಾಲದೆಂದು ಅವನು ಕೊರಗಿದನು. ದೋಷವಿದ್ದುದು ಮಾತಿನಲ್ಲಲ್ಲ, ಯೋಜನೆಯ ಲೆಕ್ಕದಲ್ಲಿ.

6, 36, 216 ಎಂದು ಬೆಳೆಯುವ ಈ ಗುಣೋತ್ತರ ಶ್ರೇಢಿಯು ಹನ್ನೆರಡನೆಯ ಹಂತದಲ್ಲಿ 217 ಕೋಟಿಯನ್ನು ಮುಟ್ಟಿ ಭಾರತದ ಜನಸಂಖ್ಯೆಯನ್ನು ಮೀರುತ್ತದೆ. ಹದಿಮೂರನೆಯ ಹಂತಕ್ಕೆ ಭೂಮಿಯ ಜನರೆಲ್ಲರೂ ಸಾಲರು. ಯಾವ ಹಂತವು ತುಂಬಿದ ಮೇಲೆ ಸರಪಳಿಯು ನಿಂತರೂ, ಸದಸ್ಯರಲ್ಲಿ ಆರರಲ್ಲಿ ಐದು ಪಾಲಿಗಿಂತ ಹೆಚ್ಚಿನವರು ಕಟ್ಟಕಡೆಯ ಸಾಲಿನಲ್ಲಿಯೇ ಇರುತ್ತಾರೆ. ಅವರಿಗೆ ಹಣ ತರಲು ಕೆಳಗೆ ಯಾರೂ ಇಲ್ಲ.

ಇಂತಹ ಹಣ ಚಲಾವಣೆಯ ಯೋಜನೆಗಳನ್ನು ಭಾರತದಲ್ಲಿ 1978ರ ಕಾಯಿದೆಯು ನಿಷೇಧಿಸಿದೆ. ಆದುದರಿಂದ ವಿದ್ಯಾರ್ಥಿಗಳು ಮೊದಲು ಕೇಳಬೇಕಾದುದಿಷ್ಟೆ: ಆದಾಯವು ಬರುವುದು ಸರಕಿನ ಮಾರಾಟದಿಂದಲೋ, ಹೊಸ ಸದಸ್ಯರ ಹಣದಿಂದಲೋ?